‘ಎಬಿಎಸ್, ಏರ್‌ಬ್ಯಾಗ್ ಎಲ್ಲಾ ಓದುತ್ತೆ ಸರ್’ ಅಂದ್ರೆ ನಂಬಬೇಡಿ

ಕಾರಿನ ತೊಂದರೆಯನ್ನು ಮೊಬೈಲ್‌ನಲ್ಲೇ ನೋಡಿಕೊಳ್ಳೋಣ ಅಂತ ಒಬಿಡಿ ಸ್ಕ್ಯಾನರ್ (ಕಾರಿಗೆ ಚುಚ್ಚಿ ದೋಷದ ಕೋಡ್ ಓದುವ ಪುಟ್ಟ ಡಬ್ಬಿ) ಹುಡುಕುತ್ತಿದ್ದೀರಾ? ಒಂದು ನಿಮಿಷ ನಿಲ್ಲಿ. ನನಗೆ 1,800 ರೂಪಾಯಿಗೆ ಸರಿಯಾಗಿ ನಾಮ ಹಾಕಿದ್ದಾರೆ.

ನನ್ನ ಕಾರಿನಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಲೈಟ್ ಹತ್ತಿಕೊಂಡಿತ್ತು. ಗ್ಯಾರೇಜಿಗೆ ಹೋಗುವ ಮುಂಚೆ ಏನಾಗಿದೆ ಅಂತ ಗೊತ್ತಿದ್ದರೆ ಒಳ್ಳೆಯದು ಅಂತ ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಗೆ ಹೋದೆ. ಎಬಿಎಸ್‌ಗೇ ಬೇಕು ಅಂತ ಬಿಡಿಸಿ ಹೇಳಿದೆ. ಅವನು ಮೊದಲು ಕಡಿಮೆ ಬೆಲೆಯ ನೀಲಿ ಬ್ಲೂಟೂತ್ ಡಬ್ಬಿ ತೋರಿಸಿ, “ಇದು ಡೂಪ್ಲಿಕೇಟ್ ಸರ್, ಮುಟ್ಟಲೇಬೇಡಿ” ಅಂದ. ಒಳಗಿಂದ ಇನ್ನೊಂದು ತಂದ. “ಎಲ್ಮ್ 327, ವರ್ಷನ್ 1.5, ಒರಿಜಿನಲ್. ಎಬಿಎಸ್, ಏರ್‌ಬ್ಯಾಗ್ ಎಲ್ಲಾ ಓದುತ್ತೆ.” ಡೂಪ್ಲಿಕೇಟ್ ಬಗ್ಗೆ ಅವನೇ ಎಚ್ಚರಿಸಿದ ಮೇಲೆ ಯಾರಾದರೂ ನಂಬುತ್ತಾರೆ, ಅಲ್ವಾ?

ಭಾನುವಾರ ಭಾವ ಬಂದಿದ್ದರು. ಸ್ವಲ್ಪ ಜಂಬದಲ್ಲೇ ತೋರಿಸೋಕೆ ಕೂತೆ. ಸ್ಟೇರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ ಚುಚ್ಚಿ, ಇಂಜಿನ್ ಸ್ಟಾರ್ಟ್ ಮಾಡಿ, ಮೊಬೈಲ್‌ಗೆ ಪೇರ್ ಮಾಡಿದೆ. ಆರ್‌ಪಿಎಂ ಬಂತು, ಕೂಲೆಂಟ್ ಎಷ್ಟು ಬಿಸಿ ಅಂತಲೂ ಬಂತು. ಫಾಲ್ಟ್ ಕೋಡ್ ಒತ್ತಿದೆ. ಯಾವ ದೋಷವೂ ಇಲ್ಲವಂತೆ! ಕಣ್ಣೆದುರು ಮೀಟರ್‌ನಲ್ಲಿ ಎಬಿಎಸ್ ಲೈಟ್ ಹಳದಿಯಾಗಿ ಉರಿಯುತ್ತಿದೆ, ಮೊಬೈಲ್ ಹಸಿರು ಟಿಕ್ ಹಾಕಿ ಕೂತಿದೆ. ಭಾವ ಮೀಟರ್ ನೋಡಿದರು, ಮೊಬೈಲ್ ನೋಡಿದರು. “ಎಷ್ಟು ಕೊಟ್ಟೆ ಇದಕ್ಕೆ?” ಅಂತಷ್ಟೇ ಕೇಳಿದರು. ಐನೂರು ಅಂದೆ.

ಅಂಗಡಿಯವನಿಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದೆ. “ಕೋಡ್ ಇಲ್ಲ ಅಂದ್ರೆ ಪ್ರಾಬ್ಲಂ ಇಲ್ಲ ಸರ್, ಲೈಟೇ ಖರಾಬ್ ಆಗಿರುತ್ತೆ.” ಲೈಟೇ ಖರಾಬಂತೆ! ಆಮೇಲೆ “ಪೇಯ್ಡ್ ಆ್ಯಪ್ ಹಾಕಿ ಸರ್.” ಅದಕ್ಕೂ ದುಡ್ಡು ಕಟ್ಟಿದೆ, ಅದೇ ಹಸಿರು ಟಿಕ್. ಆಮೇಲೆ “ನಿಮ್ಮ ಮಾಡೆಲ್‌ಗೆ ಸಪೋರ್ಟ್ ಇಲ್ಲ ಸರ್.” ಮಾಡೆಲ್ ಹೇಳಿಯೇ ತಾನೇ ತಗೊಂಡಿದ್ದು? ಕೊನೆಗೆ “ಕವರ್ ಓಪನ್ ಆಗಿದೆ, ರಿಟರ್ನ್ ಆಗಲ್ಲ.” ಕವರ್ ಬಿಚ್ಚದೆ ಕಾರಿಗೆ ಹೇಗಪ್ಪಾ ಚುಚ್ಚೋದು?

ಹೊಟ್ಟೆ ಉರಿದಿದ್ದು ಇನ್ನೊಂದಕ್ಕೆ. ಎಲ್ಮ್ 327 ಅನ್ನೋದು ಇಂಥ ಸ್ಕ್ಯಾನರ್‌ಗಳಿಗೆ ಅಂತ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಕಂಪನಿ ಮಾಡಿದ ಚಿಪ್. ಅವರು 1.4 ಆದ ಮೇಲೆ ನೇರ 2.0 ಬಿಟ್ಟರು. 1.5 ಬಿಡಲೇ ಇಲ್ಲ! ಆ ಕಂಪನಿಯೂ 2022ರಲ್ಲಿ ಮುಚ್ಚಿತು. ಹುಟ್ಟದೇ ಇರುವ ವರ್ಷನ್ನಿಗೆ ಒರಿಜಿನಲ್ ಅಂತ ಜಾಸ್ತಿ ದುಡ್ಡು ಕಿತ್ತಿದ್ದಾನೆ.

ಎಲ್ಲ ಕಾರಿಗೂ ಒಂದೇ ಥರ ಸಿಗೋದು ಹೊಗೆಗೆ ಸಂಬಂಧಪಟ್ಟ ಇಂಜಿನ್ ಕೋಡ್‌ಗಳು ಮಾತ್ರ. ಎಬಿಎಸ್, ಏರ್‌ಬ್ಯಾಗ್‌ಗೆ ಒಂದೊಂದು ಕಾರ್ ಕಂಪನಿಯದು ಒಂದೊಂದು ದಾರಿ. ಅದು ಆ್ಯಪ್‌ಗೂ ಗೊತ್ತಿರಬೇಕು, ಅಡಾಪ್ಟರ್ ಕೈಲೂ ಆಗಬೇಕು. ಗ್ಯಾರೇಜಿನ ಸ್ಕ್ಯಾನರ್ ಹಾಕಿದ ತಕ್ಷಣ ಹೇಳಿತು: ಮುಂದಿನ ಎಡ ಚಕ್ರದ ಸ್ಪೀಡ್ ಸೆನ್ಸರ್.

ಕಾರು ಅಂಗಡಿ ಮುಂದೆ ನಿಲ್ಲಿಸಿ, ಚುಚ್ಚಿ ತೋರಿಸಿದ ಮೇಲೆ ದುಡ್ಡು ಕೊಡಿ. ಎಸ್.ಪಿ. ರಸ್ತೆಯಲ್ಲಿ ಪಾರ್ಕಿಂಗ್ ಸಿಗಲ್ಲ, ಗೊತ್ತು. ಅದು ಅವರಿಗೂ ಗೊತ್ತು. ಬಿಲ್ ಅಲ್ಲೇ ಓದಿ. ನನ್ನದರಲ್ಲಿ ಬರೀ “ಮೊಬೈಲ್ ಅಕ್ಸೆಸರಿ” ಅಂತಿದೆ. ಆದರೂ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ. ಅದನ್ನು ಅವನಿಗೆ ತಿಳಿಸಿದ್ದಕ್ಕೆ ಬಂದ ಉತ್ತರ: “ಬೇಜಾರಾಗಬೇಡಿ ಸರ್, ವರ್ಷನ್ 2.1 ಇದೆ, ನಿಮಗೆ ಡಿಸ್ಕೌಂಟ್ ಕೊಡ್ತೀನಿ.”