ವಿಡಿಯೊ ಕಣ್ಮರೆಯಾದರೆ: ಮೇಲ್ಮನವಿ ಸಮಿತಿಯೋ, ಕಲಬುರಗಿ ಪೀಠವೋ?

ಬೀದರ್ ಅಥವಾ ಯಾದಗಿರಿಯ ಸಣ್ಣ ಸುದ್ದಿ ಚಾನೆಲ್ಲೊಂದರ ವಿಡಿಯೊ ಯೂಟ್ಯೂಬಿನಿಂದ ಕಣ್ಮರೆಯಾದಾಗ, ಅದನ್ನು ತೆಗೆದದ್ದು ಕಂಪನಿಯ ನಿಯಮದಡಿಯೋ ಸರ್ಕಾರದ ಆದೇಶದ ಮೇರೆಗೋ ಎಂಬುದನ್ನು ಮೊದಲು ತಿಳಿಯಬೇಕು.

ಕಂಪನಿಯೇ ತೆಗೆದಿದ್ದರೆ, ಅದರ ಕುಂದುಕೊರತೆ ಅಧಿಕಾರಿಗೆ ದೂರು ಕೊಟ್ಟು, ಉತ್ತರ ಸಮಾಧಾನ ತರದಿದ್ದಲ್ಲಿ 30 ದಿನಗಳೊಳಗೆ, ಕೇಂದ್ರ ಸರ್ಕಾರವು 2023ರಲ್ಲಿ ರಚಿಸಿದ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಅರ್ಜಿ ಸಲ್ಲಿಸಬಹುದು. ಸಮಿತಿಯ ಆದೇಶವನ್ನು ಕಂಪನಿ ಪಾಲಿಸಲೇಬೇಕು. ಆದರೆ ಸದಸ್ಯರನ್ನು ನೇಮಿಸುವುದು ಸರ್ಕಾರವೇ ಆದ್ದರಿಂದ, ಆಡಳಿತವನ್ನು ಟೀಕಿಸಿದವರು ಇಲ್ಲಿ ಹೆಚ್ಚು ಭರವಸೆ ಇಡುವುದು ಕಷ್ಟ.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಸರ್ಕಾರವೇ ತಡೆದಿದ್ದರೆ, ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿಯೇ (ಸರ್ಕಾರದ ಕ್ರಮವನ್ನು ನೇರವಾಗಿ ಹೈಕೋರ್ಟಿನಲ್ಲಿ ಪ್ರಶ್ನಿಸುವ ಅರ್ಜಿ) ಸರಿಯಾದ ದಾರಿ. 2013ರಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಕಾಯಂ ಆದ ಮೇಲೆ ಇದಕ್ಕಾಗಿ ಬೆಂಗಳೂರಿನ ರಾತ್ರಿ ರೈಲು ಹಿಡಿಯಬೇಕಾಗಿಲ್ಲ. ವಕೀಲರ ಶುಲ್ಕ ಮತ್ತು ಕಾಯುವಿಕೆ ಮಾತ್ರ ತಪ್ಪದು. ಶ್ರೇಯಾ ಸಿಂಘಾಲ್ ಪ್ರಕರಣದ 2015ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಆನ್‌ಲೈನಿನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವಾಗಿಸಿದ್ದ ಅದೇ ಕಾಯ್ದೆಯ 66ಎ ಕಲಮನ್ನು ರದ್ದುಪಡಿಸಿತಾದರೂ 69ಎಯನ್ನು ಎತ್ತಿಹಿಡಿಯಿತು. ತಡೆಯ ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕಾಗಿರುವುದರಿಂದ ಅವನ್ನು ರಿಟ್ ಅರ್ಜಿಯಲ್ಲಿ ಪ್ರಶ್ನಿಸಬಹುದು ಎಂದಿತು. ತೊಡಕಿರುವುದು 69ಎ ಅಡಿಯ ತಡೆಯ ವಿಧಾನವನ್ನು ಹೇಳುವ 2009ರ ನಿಯಮಾವಳಿಯ 16ನೇ ನಿಯಮದಲ್ಲಿ: ಅದು ಗೋಪ್ಯತೆಯನ್ನು ವಿಧಿಸುವುದರಿಂದ, ಪ್ರಶ್ನಿಸಬೇಕಾದ ಆದೇಶದ ಪ್ರತಿಯೇ ಹಲವು ಸಲ ಕೈಗೆ ಸಿಗುವುದಿಲ್ಲ. ಆದ್ದರಿಂದ ಕಂಪನಿ ಕಳಿಸಿದ ಇಮೇಲನ್ನು ಅಳಿಸದೆ ವಕೀಲರಿಗೆ ತೋರಿಸಿರಿ.