ಎಂಜಿನ್ ಬಿಸಿಯಿದ್ದಾಗ ಸೆಲ್ಫ್ ಹೊಡೆಯುತ್ತಿಲ್ಲವೇ? ತಣ್ಣಗಿರುವಾಗ ಚೆಕ್ ಮಾಡಿಸಿ ದುಡ್ಡು ಕಳೆದುಕೊಳ್ಳಬೇಡಿ

ಪೆಟ್ರೋಲ್ ಕಾರೊಂದು ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ಕಾಫಿಗೆ ನಿಂತಿತು. ಕಾಫಿ ಕುಡಿದು ಬಂದು ಕೀ ತಿರುಗಿಸಿದರೆ ಒಂದೇ ಒಂದು ‘ಟಕ್’, ಮುಂದೆ ಏನೂ ಇಲ್ಲ. ಬಾನೆಟ್ ತೆರೆದು ಒಂದು ಗಂಟೆ ಬಿಟ್ಟ ಮೇಲೆ ಸಲೀಸಾಗಿ ಸ್ಟಾರ್ಟ್ ಆಯಿತು. ಮರುದಿನ ಬೆಳಿಗ್ಗೆ ಗ್ಯಾರೇಜಿಗೆ ಹೋದಾಗ ಎಂಜಿನ್ ತಣ್ಣಗಿತ್ತು, ಸೆಲ್ಫೂ ಚೆನ್ನಾಗಿಯೇ ಹೊಡೆಯಿತು. ‘ಬ್ಯಾಟರಿ ವೀಕ್’ ಎಂದು ಹೊಸ ಬ್ಯಾಟರಿ ಹಾಕಿದರು. ಮತ್ತೆ ಕೈಕೊಟ್ಟಾಗ, ಎಂಜಿನ್ನನ್ನು ಮೊದಲು ತಿರುಗಿಸಿಕೊಡುವ ಸೆಲ್ಫ್ ಮೋಟರನ್ನೇ ತೆಗೆದು ರೀಕಂಡೀಶನ್, ಅಂದರೆ ಹಳೆಯದನ್ನೇ ರಿಪೇರಿ ಮಾಡಿದ ಮೋಟರ್ ಕೂರಿಸಿದರು. ಬೇಸಿಗೆ ಬರುತ್ತಲೇ ಅದೇ ‘ಟಕ್’. ಬೇರೆ ಎಲೆಕ್ಟ್ರಿಷಿಯನ್ ಬಿಚ್ಚಿ ನೋಡಿದರೆ ಆ ಮೋಟರಿಗೆ ಹೊಸದಾಗಿ ಸಿಕ್ಕಿದ್ದು ಬ್ರಷ್ಷು (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಮತ್ತು ಕಪ್ಪು ಪೇಂಟು ಮಾತ್ರ. ಶಾಫ್ಟ್ ಕೂರುವ ಬುಷ್ ಹಳೆಯದು, ಮೋಟರಿಗೆ ಕರೆಂಟ್ ಹಾಯಿಸುವ ಮ್ಯಾಗ್ನೆಟ್ ಸ್ವಿಚ್ಚಿನ, ಅಂದರೆ ಸೊಲಿನಾಯ್ಡಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟು ಗುಳಿಬಿದ್ದದ್ದು. ಎಗ್ಸಾಸ್ಟ್ ಕಡೆಯ ಶಾಖ ತಡೆಯುವ ತಗಡಂತೂ ವಾಪಸ್ ಹಾಕಿಯೇ ಇರಲಿಲ್ಲ.

ಎಂಜಿನ್ ಓಡುವಾಗ ಗಾಳಿಯೂ ಕೂಲೆಂಟೂ ಶಾಖವನ್ನು ಒಯ್ಯುತ್ತಿರುತ್ತವೆ. ಆಫ್ ಮಾಡಿದೊಡನೆ ಎರಡೂ ನಿಲ್ಲುತ್ತವೆ, ಎಂಜಿನ್ನಿನಿಂದ ಹೊಗೆ ಹೊರಬರುವ ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಶಾಖ ಪಕ್ಕದ ಸೆಲ್ಫಿಗೆ ಇಳಿಯುತ್ತದೆ. ಹಾಗಾಗಿ ಸೆಲ್ಫ್ ಅತಿ ಹೆಚ್ಚು ಬಿಸಿಯಾಗುವುದು ಓಡುವಾಗಲ್ಲ, ನಿಲ್ಲಿಸಿದ 10ರಿಂದ 30 ನಿಮಿಷದೊಳಗೆ. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು 0.39% ಏರುತ್ತದೆ, 30 ಡಿಗ್ರಿಯಲ್ಲಿದ್ದ ಸೊಲಿನಾಯ್ಡಿನ ಕಾಯಿಲ್ 100 ಡಿಗ್ರಿ ತಲುಪಿದರೆ ಕಾಲುಭಾಗಕ್ಕಿಂತ ತುಸು ಹೆಚ್ಚೇ. ಅದರಿಂದ ಕರೆಂಟ್ ಇಳಿದು ಸೊಲಿನಾಯ್ಡಿನ ಎಳೆತ ಕುಗ್ಗುತ್ತದೆ. ಒಳ್ಳೆಯ ಸೆಲ್ಫ್ ಇದನ್ನು ತಡೆದುಕೊಳ್ಳುತ್ತದೆ. ಸವೆದ ಕಾಂಟ್ಯಾಕ್ಟ್, ಗಿಡ್ಡವಾದ ಬ್ರಷ್, ತುಕ್ಕು ಹಿಡಿದ ಅರ್ತ್ (ಕರೆಂಟ್ ಬ್ಯಾಟರಿಗೆ ವಾಪಸಾಗುವ ದಾರಿ), ಇವುಗಳಲ್ಲಿ ಒಂದು ಜೊತೆಗೂಡಿದರೂ ಸಾಕು, ನಿಂತುಬಿಡುತ್ತದೆ. ಬುಷ್ ಸವೆದಿದ್ದರೆ ಆರ್ಮೇಚರ್ (ಮೋಟರಿನೊಳಗೆ ತಿರುಗುವ ಭಾಗ) ವಾಲಿ ಸುತ್ತಲಿನ ಮ್ಯಾಗ್ನೆಟ್ ಪೋಲ್‌ಗೆ ಉಜ್ಜುತ್ತದೆ; ಆಗ ಕರೆಂಟ್ ವಿಪರೀತ ಎಳೆದು, ಹೊಸ ಬ್ಯಾಟರಿಯನ್ನೂ ವೀಕ್ ಎಂದು ತೋರಿಸುತ್ತದೆ.

ಮೊದಲು ಶಬ್ದ ಕೇಳಿಸಿಕೊಳ್ಳಿ. ಎಂಜಿನ್ ಜೋರಾಗಿಯೇ ತಿರುಗಿ ಹತ್ತಿಕೊಳ್ಳದಿದ್ದರೆ ತಪ್ಪು ಸೆಲ್ಫಿನದಲ್ಲ, ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಭಾಗ) ಇಲ್ಲವೇ ಪೆಟ್ರೋಲ್ ಕಡೆ ನೋಡಿ. ಬಿಸಿಗೆ ಕೈಕೊಡುವುದರಲ್ಲಿ ಕ್ರ್ಯಾಂಕ್ ಸೆನ್ಸರ್ ಕೂಡ ಕಡಿಮೆಯೇನಲ್ಲ, ಅದನ್ನು ಬಿಟ್ಟು ಸೆಲ್ಫ್ ಬದಲಿಸಿದವರು ಬೇಕಾದಷ್ಟಿದ್ದಾರೆ. ‘ಟಕಟಕಟಕ’ ಎಂದರೆ ಬ್ಯಾಟರಿ ಅಥವಾ ಟರ್ಮಿನಲ್. ಶಬ್ದವೇ ಇಲ್ಲದಿದ್ದರೆ ಮೊದಲು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್), ಇಗ್ನಿಷನ್ ಸ್ವಿಚ್, ಕ್ಲಚ್ ಸ್ವಿಚ್ ನೋಡಿ. ಒಂದೇ ಗಟ್ಟಿ ‘ಟಕ್’ ಆದರೆ ಅನುಮಾನ ಮುಖ್ಯವಾಗಿ ಸೆಲ್ಫಿನ ಮೇಲೆ.

ಪರೀಕ್ಷೆ ನಡೆಯಬೇಕಾದ್ದು ಗಾಡಿ ಕೈಕೊಟ್ಟಿರುವ ಹೊತ್ತಿನಲ್ಲೇ. ತಣ್ಣಗಾದ ಮೇಲೆ ಮಾಡಿದ ಟೆಸ್ಟಿಗೆ ಕಾಸಿನ ಬೆಲೆಯಿಲ್ಲ. ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ, ಕೀ ತಿರುಗಿಸಲು ಇನ್ನೊಬ್ಬರನ್ನು ಕೂರಿಸಿ. ಸುಮ್ಮನಿರುವ ಬ್ಯಾಟರಿ 12.6 ವೋಲ್ಟ್ ಆಸುಪಾಸು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಮೇಲಿರಬೇಕು. ಕೀ ತಿರುಗಿಸಿ ಹಿಡಿದಾಗ ಸೊಲಿನಾಯ್ಡಿನ ಸಣ್ಣ ವೈರ್, ಅಂದರೆ 50 ನಂಬರ್ ಟರ್ಮಿನಲ್‌ನಲ್ಲಿ 8-9 ವೋಲ್ಟಿಗಿಂತ ಕಡಿಮೆ ಬಂದರೆ ದೋಷ ಸ್ವಿಚ್ಚಿನಲ್ಲೋ ವೈರಿಂಗಿನಲ್ಲೋ ಇದೆ. ಇದಕ್ಕೆ ಸೆಲ್ಫ್ ಬದಲಿಸಿದರೆ ಉಪಯೋಗವಿಲ್ಲ, ಬ್ಯಾಟರಿಯಿಂದ ಫ್ಯೂಸ್ ಹಾಕಿದ ಪ್ರತ್ಯೇಕ ವೈರನ್ನು ಒಂದು ರಿಲೇ ಮೂಲಕ 50ಕ್ಕೆ ಎಳೆದು, ಆ ರಿಲೇಯನ್ನು ಹಳೆಯ ವೈರಿನಿಂದ ನಡೆಸಿದರೆ ಮುಗಿಯಿತು. 50ರಲ್ಲಿ ವೋಲ್ಟೇಜ್ ಸರಿಯಿದ್ದರೆ ಸೊಲಿನಾಯ್ಡಿನ ಎರಡು ದಪ್ಪ ಬೋಲ್ಟುಗಳಿಗೆ ಬನ್ನಿ. ಬ್ಯಾಟರಿ ಕಡೆಯದರಲ್ಲಿ ವೋಲ್ಟೇಜ್ ಇದ್ದು, ಮೋಟರ್ ಕಡೆಯದಕ್ಕೆ ಬರದಿದ್ದರೆ ಕಾಂಟ್ಯಾಕ್ಟ್ ಸೇರುತ್ತಿಲ್ಲ. ಅಲ್ಲಿಗೂ ಬಂದು ಮೋಟರ್ ತಿರುಗದಿದ್ದರೆ ಬ್ರಷ್ ಅಥವಾ ಆರ್ಮೇಚರ್. ಬ್ಯಾಟರಿ ನೆಗೆಟಿವ್‌ನಿಂದ ಸೆಲ್ಫಿನ ಬಾಡಿಯವರೆಗೆ ಅಳೆದಾಗ, ಸೆಲ್ಫ್ ಹೊಡೆಯುವ ಹೊತ್ತಿನಲ್ಲಿ 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಕೆಟ್ಟಿದೆ.

ಸುತ್ತಿಗೆಯಲ್ಲಿ ತಟ್ಟಿ ಸ್ಟಾರ್ಟ್ ಮಾಡುವ ಹಳೇ ಉಪಾಯ ಈಗಿನ ಸೆಲ್ಫ್‌ಗಳಿಗೆ ಬೇಡ. ಹಲವದರಲ್ಲಿ ಫೀಲ್ಡ್ ಕಾಯಿಲ್ ಬದಲು ಅಂಟಿಸಿದ ಮ್ಯಾಗ್ನೆಟ್ ಇದೆ, ಏಟಿಗೆ ಒಡೆದರೆ ಚೂರು ಆರ್ಮೇಚರಿಗೆ ಸಿಕ್ಕಿಕೊಳ್ಳುತ್ತದೆ. ಸ್ಕ್ರೂಡ್ರೈವರಿನಲ್ಲಿ ಬೋಲ್ಟ್‌ಗಳನ್ನು ಶಾರ್ಟ್ ಮಾಡುವುದು ಇನ್ನೂ ಅಪಾಯ. ಗೇರಿನಲ್ಲಿದ್ದರೆ ಗಾಡಿ ಮೇಲೆಯೇ ನುಗ್ಗುತ್ತದೆ.

ಸೆಲ್ಫ್ ಬದಲಿಸಲೇಬೇಕಾದರೆ ಎಂಜಿನ್ ಪೂರ್ತಿ ಆರಲಿ. ಬ್ಯಾಟರಿಯ ನೆಗೆಟಿವ್ ಮೊದಲು ಕಳಚಿ, ಸಾಮಾನ್ಯವಾಗಿ 10ರ ಸ್ಪಾನರ್. ದಪ್ಪ ವೈರಿಗೆ ಯಾವಾಗಲೂ ಕರೆಂಟ್ ಇರುತ್ತದೆ, ಫ್ಯೂಸ್ ಇರುವುದಿಲ್ಲ. ಈ ಹೆಜ್ಜೆ ಬಿಟ್ಟರೆ ಸ್ಪಾನರ್ ಗಾಡಿಯ ಲೋಹಕ್ಕೆ ತಗುಲಿ ಬೆಸುಗೆಯೇ ಆಗಿಬಿಡುತ್ತದೆ. ಅಡಿಗೆ ಹೋಗಬೇಕಿದ್ದರೆ ಜಾಕನ್ನು ನಂಬಬೇಡಿ, ಸ್ಟ್ಯಾಂಡ್ ಕೊಡಿ. ಮೋಟರನ್ನು ಹಿಡಿದಿರುವುದು ಎರಡೋ ಮೂರೋ ಬೋಲ್ಟು. ಹೊರಬಂದ ಮೇಲೆ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಪಿನಿಯನ್ (ಮೋಟರಿನ ತುದಿಯ ಸಣ್ಣ ಗೇರ್) ಹಲ್ಲಿನ ಲೆಕ್ಕ, ಬೋಲ್ಟಿನ ತೂತು, ತಿರುಗುವ ದಿಕ್ಕು ಹೋಲಿಸಿ. ಮೋಟರ್ ಕಳಚಿದ ತೂತಿನಿಂದಲೇ, ಪಿನಿಯನ್ ಕಚ್ಚಿಕೊಳ್ಳುವ ಫ್ಲೈವೀಲ್ ರಿಂಗಿನ ಹಲ್ಲನ್ನೂ ಟಾರ್ಚ್ ಬಿಟ್ಟು ನೋಡಿ.

ಮೋಟರಿಗೆ ಅರ್ತ್ ಸಿಗುವುದು ಕೂರುವ ಮುಖದಿಂದಲೇ. ರೀಕಂಡೀಶನ್ ಮೋಟರಿನ ಪೇಂಟ್ ಅಲ್ಲಿದ್ದರೆ ಎಮರಿ ಪೇಪರಿನಲ್ಲಿ ಉಜ್ಜಿ ಲೋಹ ಹೊಳೆಯುವಂತೆ ಮಾಡಿ. ದಪ್ಪ ವೈರಿನ ನಟ್ಟಿಗೆ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ಬಲ ಹಾಕಿದರೆ ಬೋಲ್ಟೇ ತಿರುಗಿ ಒಳಗಿನ ಕಾಂಟ್ಯಾಕ್ಟ್ ಓರೆಯಾಗುತ್ತದೆ. ಶಾಖದ ತಗಡನ್ನು ‘ಬೇಡದ್ದು’ ಎಂದು ಎಸೆಯಲು ಬಿಡಬೇಡಿ.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಕಾಂಟ್ಯಾಕ್ಟ್, ಬ್ರಷ್, ಬುಷ್ ಬಿಡಿಯಾಗಿಯೂ ಸಿಗುತ್ತವೆ. ಆರ್ಮೇಚರ್ ಚೆನ್ನಾಗಿದ್ದರೆ ನಿಮ್ಮದೇ ಮೋಟರನ್ನು ಕಣ್ಣೆದುರು ಬಿಚ್ಚಿಸಿ ಈ ಮೂರನ್ನೂ ಹಾಕಿಸುವುದು, ಯಾರದೋ ಮೋಟರಿಗೆ ಪೇಂಟ್ ಬಳಿದದ್ದನ್ನು ತರುವುದಕ್ಕಿಂತ ಎಷ್ಟೋ ಮೇಲು. ಬಿಲ್ಲಿನಲ್ಲಿ ‘ಸೆಲ್ಫ್ ರಿಪೇರಿ’ ಎಂದಷ್ಟೇ ಬರೆದರೆ ಒಪ್ಪಬೇಡಿ. ಹಾಕಿದ ಪಾರ್ಟಿನ ಹೆಸರು ಬರೆಸಿ, ತೆಗೆದದ್ದನ್ನು ಕೇಳಿ ಪಡೆಯಿರಿ. ದುಡ್ಡು ಕೊಡುವ ಮೊದಲು ಗಾಡಿಯನ್ನು ಅರ್ಧ ಗಂಟೆ ಓಡಿಸಿ, ಬಾನೆಟ್ ಮುಚ್ಚಿಯೇ 20 ನಿಮಿಷ ನಿಲ್ಲಿಸಿ, ಆಮೇಲೆ ಕೀ ತಿರುಗಿಸಿ. ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಒಂದು ನಿಮಿಷವಾದರೂ ಆರಲು ಬಿಡಿ.