ಸ್ವನಿಧಿಯೋ, ಮುದ್ರಾ ಶಿಶು ಸಾಲವೋ?

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತ ಬಂಡಿ ಇಟ್ಟು ಹಣ್ಣೋ ಮಿರ್ಚಿಯೋ ಮಾರುವವರು ಮೊದಲು ಪಿಎಂ ಸ್ವನಿಧಿ ನೋಡಿ. ಕೊರೊನಾ ಲಾಕ್‌ಡೌನ್‌ನಲ್ಲಿ ಬಂಡವಾಳ ಕರಗಿಹೋದ ಬೀದಿ ವ್ಯಾಪಾರಿಗಳಿಗೆಂದೇ 2020ರ ಜೂನ್‌ನಲ್ಲಿ ಬಂದ ಯೋಜನೆ ಇದು. ಆಗ ಮೊದಲ ಸಾಲ 10,000 ರೂಪಾಯಿ. 2025ರಲ್ಲಿ ಅದು 15,000ಕ್ಕೆ ಏರಿತು. ಅದನ್ನು ತೀರಿಸಿದರೆ 25,000, ಆಮೇಲೆ 50,000. ಹೊತ್ತಿಗೆ ಸರಿಯಾಗಿ ಕಟ್ಟಿದರೆ ಶೇ 7ರ ಬಡ್ಡಿ ಸಬ್ಸಿಡಿ ಖಾತೆಗೇ ಬರುತ್ತದೆ. ಪಾಲಿಕೆಯ ಗುರುತಿನ ಚೀಟಿ ಅಥವಾ ಶಿಫಾರಸು ಪತ್ರ ಬೇಕು. ಓಡಾಟ ಜಾಸ್ತಿ ಆಗುವುದು ಅಲ್ಲೇ.

ಸಣ್ಣ ಉದ್ಯಮಗಳಿಗೆ ಸಾಲ ಕೊಡಿಸುವ ಕೇಂದ್ರದ ಮುದ್ರಾ ಯೋಜನೆ 2015ರದ್ದು, ಕೊರೊನಾಕ್ಕಿಂತ ಹಳೆಯದು. ಅದರ ಅತಿ ಚಿಕ್ಕ ಸಾಲದ ವಿಭಾಗವಾದ ಶಿಶುವಿನಲ್ಲಿ 50,000 ರೂಪಾಯಿವರೆಗೆ ಒಂದೇ ಸಲಕ್ಕೆ ಕೇಳಬಹುದು, ಅಡಮಾನ ಬೇಡ. ಆದರೆ 2020ರಲ್ಲಿ ಘೋಷಿಸಿದ ಶೇ 2ರ ಬಡ್ಡಿ ರಿಯಾಯಿತಿ 12 ತಿಂಗಳಿಗೆ ಮಾತ್ರ ಇತ್ತು. ಮನೆಯಲ್ಲೇ ಖಡಕ್ ರೊಟ್ಟಿ ಬಡಿದು ಅಂಗಡಿಗಳಿಗೆ ಕೊಡುವವರಿಗೆ ಇದೇ ಸರಿ. ಅವರು ಬೀದಿ ವ್ಯಾಪಾರಿಗಳಲ್ಲ, ಮೇಲಾಗಿ ರೊಟ್ಟಿ ಯಂತ್ರಕ್ಕೆ 15,000 ಎಲ್ಲಿ ಸಾಲುತ್ತದೆ, ಅಲ್ವಾ?

2021ರಲ್ಲಿ ರಾಜ್ಯ ಸರ್ಕಾರ ಬೀದಿ ವ್ಯಾಪಾರಿಗಳಿಗೆ ಘೋಷಿಸಿದ 2,000 ರೂಪಾಯಿ ಪರಿಹಾರವನ್ನು ಯಾರೂ ವಾಪಸ್ ಕೊಡಬೇಕಿರಲಿಲ್ಲ. ಸ್ವನಿಧಿ, ಮುದ್ರಾ ಹಾಗಲ್ಲ, ಎರಡೂ ಸಾಲವೇ.